ಎರಡನೇ ಮೇಜಿನ ಕೈಗುರುತು

ಬೆಳಗಿನ ಐದೂವರೆ. ಲುಬಾವೊ ಮಾರುಕಟ್ಟೆಯ ಹಿಂದೆ, ಬಿಲಿಯರ್ಡ್ಸ್‌ನಂಥ ಪೂಲ್ ಆಡುವ ಹಾಲ್‌ನಲ್ಲಿ, ಎಲ್ಲರೂ ಪೆಟ್ ಎನ್ನುವ ಪೆರ್ಪೆಟ್ವಾ ಲಾಯುಗ್ ಎರಡನೇ ಮೇಜಿನ ಮೇಲೆ ಬಗ್ಗಿದ್ದಾರೆ. ಕೈಯಲ್ಲಿ ಬ್ರಷ್ ಇದೆ, ಆದರೆ ಉಜ್ಜುತ್ತಿಲ್ಲ. ಕೋಲು ಸಲೀಸಾಗಿ ಜಾರಲೆಂದು ಆಟಗಾರರು ಕೈಗೆ ಬಳಿದುಕೊಳ್ಳುವ ಪೌಡರು ಹಸಿರು ಬಟ್ಟೆಯ ಮೇಲೆ ಚೆಲ್ಲಿದೆ. ಅದನ್ನೇ ನೋಡುತ್ತಿದ್ದಾರೆ. ಬಾಗಿಲ ಬಳಿ ಯಜಮಾನ ಉಲ್ಪ್ಯಾನೊ ಕಾಫಿ ಹೀರುತ್ತಾ ಅವರ ಮೇಲೆ ಒಂದು ಕಣ್ಣಿಟ್ಟು ಕೂತಿದ್ದಾರೆ. ಮೂರು ವಾರದ ಹಿಂದಿನವರೆಗೆ ಈ ಮಹಾಶಯರು ಎಂಟಕ್ಕೆ ಮುಂಚೆ ಹಾಸಿಗೆ ಬಿಟ್ಟವರೇ ಅಲ್ಲ.

ಕಾವಲಿಗೆ ಕಾರಣವಿದೆ. ಆರು ಮೇಜುಗಳನ್ನು ಉಜ್ಜುವ, ಬಟ್ಟೆ ಬಿಗಿಯುವ, ರಸಮಟ್ಟ ಇಟ್ಟು ಮಟ್ಟ ಮಾಡುವ ನಲವತ್ತೇಳರ ಈ ಹೆಂಗಸು, ಊರಿನ ಹುಲಿಯೆನಿಸಿದ ಮೀನು ವ್ಯಾಪಾರಿ ತೆಮ್ಯೊ ಗೋಜುನ್‌ರನ್ನು ಇದೇ ಮೇಜಿನ ಮೇಲೆ ಒಂಬತ್ತಕ್ಕೆ ಏಳು ಆಟದಂತೆ ಸೋಲಿಸಿಬಿಟ್ಟರು. ಊರು ಸುಮ್ಮನಿರುತ್ತದೆಯೇ?

"ಮೇಜಿನ ಕಾಲ್ಕೆಳಗೆ ಏನೋ ಮಡಗಿರ್ತಾಳೆ," ಎಂದರು ಕೆಲವರು. "ಕೋಯಾ ತೆಮ್ಯೊ ಬೇಕಂತಲೇ ಸೋತಿದ್ದು. ಮುಂದಿನ ಸಲ ರಿಯಾಯಿತಿ ಕೇಳೋಕೆ," ಎಂದರು ಉಳಿದವರು; ಕೋಯಾ ಎಂದರೆ ಇಲ್ಲಿ ಅಣ್ಣ. ಇಲ್ಲಿ ಆಟ ಗೊತ್ತಿದ್ದವನು ಗೊತ್ತಿಲ್ಲದವನಂತೆ ನಟಿಸುವುದೇ ರೂಢಿ. ಬಲಾಢ್ಯನೆಂದು ತೋರಿಸಿಕೊಂಡರೆ ಎದುರಾಳಿಗೆ ಎರಡು ಆಟ ಬಿಟ್ಟುಕೊಟ್ಟು ಶುರುಮಾಡಬೇಕು. ಹಾಗಾಗಿ ಯಾರ ಸೋಲನ್ನೂ ಯಾರೂ ನಂಬುವುದಿಲ್ಲ. ಗೆದ್ದ ರಾತ್ರಿ ಪೆಟ್ ಕೂಡ ನಂಬಲಿಲ್ಲ.

"ನಿದ್ದೆ ಬರ್ಲಿಲ್ಲ ನಂಗೆ. ಈ ಮುದುಕ ನನ್ನ ಆಟ ಆಡಿಸಿದ್ನೋ, ನಾನೇ ಆಡಿದ್ನೋ ಅಂತ," ಎಂದು ಕಥೆ ಕೇಳಲು ಬಂದ ನನಗೆ ಹೇಳುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಲೋಟ ತೊಳೆಯಲು ಸೇರಿದವರು ಅವರು. ಮೇಜಿನ ಕೆಲಸ ಮಾಡುತ್ತಿದ್ದವರು ಬಿಟ್ಟುಹೋದಾಗ ಬ್ರಷ್ ಇವರ ಕೈಗೆ ಬಂತು. ಪೌಡರು ಕುಡಿದೂ ಕುಡಿದೂ ಕೆಮ್ಮು ಅಂಟಿಕೊಂಡಿದೆ, ಕತ್ತು ಬಲಕ್ಕೆ ತಿರುಗುವುದಿಲ್ಲ. ಆಡುತ್ತೇನೆಂದರೆ ಯಾರೂ ಕೋಲು ಕೊಡುತ್ತಿರಲಿಲ್ಲ. ಮುರಿದದ್ದೊಂದಕ್ಕೆ ಟೇಪು ಸುತ್ತಿಕೊಂಡು, ಬೀಗ ತೆಗೆದ ಮೇಲೆ ಗಿರಾಕಿ ಬರುವ ಮುನ್ನ ಸಿಗುವ ಮುಕ್ಕಾಲು ಗಂಟೆಯಲ್ಲಿ ನಾಲ್ಕು ವರ್ಷ ಆಡಿದರು. ಅದೂ ಮೂರೇ ಚೆಂಡು, ಮತ್ತೆ ಮತ್ತೆ ಒಂದೇ ಬಗೆಯ ಹೊಡೆತ.

"ಚೆಂಡು ಗುಂಡಿಗೆ ಹಾಕೋದ್ರಲ್ಲಿ ಇಲ್ಲಿ ಆಡೋರನ್ನ ಮೀರ್ಸೋಕೆ ನನ್ನಪ್ಪನ ಕೈಲೂ ಆಗಲ್ಲ. ಅದಕ್ಕೇ ನಾನು ಹಾಕೋದನ್ನ ಕಲೀಲಿಲ್ಲ. ಬಿಳೀ ಚೆಂಡನ್ನ ಬೇಕಾದ ಕಡೆ ನಿಲ್ಸೋದನ್ನ ಕಲ್ತೆ."

ಬೇಕಾದ ಕಡೆ ಎಂದರೆ ಎಲ್ಲಿ? ಊರಿಗೆಲ್ಲ ತಲೆಕೆಟ್ಟದ್ದು ಅಲ್ಲೇ. ಕಳೆದ ಸೋಮವಾರ ಬೆಳ್ಳಂಬೆಳಿಗ್ಗೆ ತೆಮ್ಯೊ ಮೀನಂಗಡಿಯಿಂದ ನೇರ ಇಲ್ಲಿಗೇ ಬಂದರು. ಮೇಸ್ತ್ರಿಯೊಬ್ಬರ ರಸಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಮೇಜಿನ ನಾಲ್ಕೂ ಮೂಲೆಗೆ ಇಟ್ಟು ನೋಡಿದರು. ಗುಳ್ಳೆ ನಡುವಿನಿಂದ ಕದಲಲಿಲ್ಲ. ಮಂಡಿಯೂರಿ ಕಾಲುಗಳ ಕೆಳಗೂ ಬೆರಳಾಡಿಸಿದರು, ಏಳುವಾಗ ಮೇಜನ್ನು ಹಿಡಿದುಕೊಂಡರು.

"ಮೇಜು ಸರಿಯಾಗೇ ಇದೆ. ಮತ್ತೆ ಹೇಗೆ ಗೆದ್ದೆ? ಹೇಳು," ಎಂದರು.

"ಹೇಳ್ದಿದ್ರೆ ನಾಳೆಯಿಂದ ಮೇಜು ಮುಟ್ಬೇಡ ಆಚಿ, ಲೋಟ ತೊಳ್ಕೊಂಡಿರು," ಎಂದು ಉಲ್ಪ್ಯಾನೊ ದನಿಗೂಡಿಸಿದರು. ಅಕ್ಕ ಎನ್ನುವಂತೆ ಆಚಿ ಎಂದು ಕರೆಯುತ್ತಲೇ ಅನ್ನ ಕಿತ್ತುಕೊಳ್ಳುವ ಮಾತು!

ಹೇಳಿದರೆ ಹೆಸರು ಉಳಿಯುತ್ತದೆ, ಆದರೆ ಆ ದಾರಿಯಲ್ಲಿ ಮತ್ತೆಂದೂ ಗೆಲ್ಲಲಾಗದು. ಹೇಳದಿದ್ದರೆ ಹತ್ತೊಂಬತ್ತು ವರ್ಷದ ಕೆಲಸದ ಮೇಲೆ ಕಳ್ಳಿ ಎಂಬ ಪಟ್ಟ. ಪೆಟ್ ಬ್ರಷ್ ಕೆಳಗಿಟ್ಟರು.

"ಕೋಯಾ, ನಿಮಗೆ ಸೊಂಟ ನೋವು ಯಾವಾಗಿಂದ?"

ತೆಮ್ಯೊ ಮುಖ ಬಿಳಿಚಿತು. "ಯಾರು ಹೇಳಿದ್ರು? ನನ್ನ ಹೆಂಡ್ತಿನಾ?"

"ನಿಮ್ಮ ಕೈ ಹೇಳ್ತು. ನೋಡಿ."

ಬಟ್ಟೆಯ ಮೇಲೆ ಹಿಂದಿನ ದಿನದ ಎಡಗೈ ಗುರುತುಗಳು. ಮೀನು ಕತ್ತಿಗೆ ಅರ್ಧ ಹೋದ ಕಿರುಬೆರಳಿನಿಂದ ತೆಮ್ಯೊ ಕೈಯನ್ನು ಯಾರು ಬೇಕಾದರೂ ಗುರುತಿಸಬಹುದು. ಅಂಚಿನುದ್ದಕ್ಕೂ ಆ ಗುರುತು ಸಾಲಾಗಿ ಬಿದ್ದಿದೆ. ಮೇಜಿನ ನಡುವೆ ಮಾತ್ರ ಒಂದೂ ಇಲ್ಲ. ಅಲ್ಲಿಗೆ ಕೈ ಊರಬೇಕೆಂದರೆ ಮೈ ಚಾಚಬೇಕು. ಸೊಂಟ ಒಪ್ಪದೆ ಅವರು ಅಂಚಿಗೇ ಕೈಯೂರಿ ನೆಟ್ಟಗೆ ನಿಂತೇ ಹೊಡೆಯುತ್ತಾರೆ, ಗುರಿ ತಪ್ಪುತ್ತದೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಈ ಖಾಲಿ ಜಾಗವನ್ನು ನೋಡಿದ ಪೆಟ್, ಪಂದ್ಯದ ದಿನ ಬಿಳಿ ಚೆಂಡನ್ನು ಮತ್ತೆ ಮತ್ತೆ ಅಲ್ಲೇ ತಂದು ನಿಲ್ಲಿಸಿದ್ದರು.

ತೆಮ್ಯೊ ತಮ್ಮ ಎಡಗೈಯನ್ನು ಒಂದು ಗುರುತಿನ ಮೇಲಿಟ್ಟು ನೋಡಿದರು. ಆಮೇಲೆ ಉಲ್ಪ್ಯಾನೊ ಕಡೆ ತಿರುಗಿ, "ಅವಳು ಗೆದ್ದಿದ್ದಾಳೆ. ಬೇರೆ ಮಾತಾಡಿದವ್ರು ನನ್ನ ಹತ್ರ ಬಂದು ಮಾತಾಡ್ಲಿ," ಎಂದು ಹೊರಟುಹೋದರು. ತಾನು ಬೇಕೆಂದೇ ಸೋತಿದ್ದೆ ಎಂದು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು, ಹೇಳಲಿಲ್ಲ. ಆ ರಾತ್ರಿಯೇ ಪೆಟ್‌ಗೆ ನಿದ್ದೆ ಬಂದದ್ದು.

ಉಲ್ಪ್ಯಾನೊಗೆ ಮಾತ್ರ ಇನ್ನೂ ಅನುಮಾನ. ಅದಕ್ಕೇ ಈ ಕಾಫಿ, ಈ ಕಾವಲು. "ಇನ್ನೂ ಏನೋ ಇದೆ, ಅಷ್ಟೇ ಅಲ್ಲ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ.

ಪೆಟ್ ಎರಡನೇ ಮೇಜಿನಿಂದ ತಲೆ ಎತ್ತುತ್ತಾರೆ. ಬಟ್ಟೆಯ ಅರ್ಧಭಾಗದಲ್ಲಿ ಪೌಡರಿನ ಸುಳಿವೇ ಇಲ್ಲ, ಯಾರೋ ಒದ್ದೆ ಬಟ್ಟೆಯಲ್ಲಿ ಗಡಿಬಿಡಿಯಿಂದ ಒರೆಸಿದ್ದಾರೆ. ಈಗ ದಿನಾ ಹೀಗೆಯೇ ಅಂತೆ.

"ಆಟ ಮುಗಿದ್ಮೇಲೆ ಕೋಯಾ ತೆಮ್ಯೊನೇ ಒರೆಸಿ ಹೋಗ್ತಾರೆ," ಎನ್ನುತ್ತಾರೆ. ನಗು ತಡೆಯಲು ಹೋಗಿ ಕೆಮ್ಮು ಬರುತ್ತದೆ. "ಒದ್ದೆ ಮಾಡಿ ಬಟ್ಟೆ ಹಾಳ್ಮಾಡ್ತಾರೆ, ನಂಗೆ ಕೆಲಸ ಡಬಲ್. ಮಾಡ್ಲಿ ಬಿಡಿ. ಇಷ್ಟು ವರ್ಷ ನಾನು ಇಲ್ಲಿದೀನಿ ಅಂತ ಕೂಡ ಯಾರೂ ನೋಡ್ತಿರ್ಲಿಲ್ಲ. ಈಗ ಈ ಊರಿನ ಹುಲಿ ನನ್ನ ಕಣ್ಣಿಗೆ ಹೆದ್ರಿ ಮೇಜು ಒರೆಸ್ತದೆ."