ಎಲ್ಲವೂ ಸರಿ ಎನ್ನುವ ಬಲಗೈ

ಬೆಳಗಿನ ಜಾವ. ಎಂಜಿನ್ ರಿಪೇರಿ ಶೆಡ್ಡಿನ ತಗಡು ಇನ್ನೂ ತಣ್ಣಗಿದೆ. ಅತ್ತಿಗೆ ಪಿಸ್ಟನ್ನೊಂದನ್ನು ತಲೆಕೆಳಗಾಗಿ ಸಿಲಿಂಡರಿನೊಳಗೆ ಇಳಿಸಿ, ಪಕ್ಕದ ಸಂದಿಗೆ ತೆಳ್ಳನೆಯ ಉಕ್ಕಿನ ಪಟ್ಟಿ ಸೇರಿಸಿ, ಮೆಲ್ಲಗೆ ಎಳೆಯುತ್ತಾರೆ. ಪಟ್ಟಿ ಜಾರಿ ಬಂದರೆ ಪಿಸ್ಟನ್ ಸಡಿಲ, ಹಟ ಮಾಡಿದರೆ ಬಿಗಿ. ಚೂರೇ ಚೂರು ತಡೆದು ಬಂದರೆ ಜೋಡಿ ಕೂಡಿತು ಎಂದರ್ಥ. ಬಿಸಿಲೇರಿದರೆ ಲೋಹ ಹಿಗ್ಗುತ್ತದೆ, ಅದಕ್ಕೇ ಈ ಹೊತ್ತು.

ಓಣಿಗೆಲ್ಲ ಅವರು ಅತ್ತಿಗೆಯೇ. ನಿಜಕ್ಕೂ ಹಾಗೆ ಕರೆಯುವ ಹಕ್ಕಿರುವುದು ಶೆಡ್ಡು ನಡೆಸುವ ಮೈದುನನೊಬ್ಬನಿಗೇ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಟೀ ತರುತ್ತಿದ್ದವರು, ಒಂದು ದಿನ ಕೈ ಸುಮ್ಮನಿರದೆ ಪಟ್ಟಿ ಎಳೆದು ನೋಡಿದರು. ಈಗ ವಾರಕ್ಕೆ ಎರಡೋ ಮೂರೋ ಹಳೆ ಎಂಜಿನ್ನುಗಳಿಗೆ ಅವರ ಕೈಯದೇ ತೀರ್ಪು. ಅಳತೆಯ ಗೇಜು ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಇವತ್ತಿನದು ಹೊಳೆ ದಾಟಿಸುವ ದೋಣಿಯ ಎಂಜಿನ್. ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಂತರೆ ಜನ ನಡುನೀರಿನಲ್ಲಿ.

ನಾಲ್ಕು ಪಿಸ್ಟನ್ನುಗಳನ್ನೂ ಅವರು ಅದಲು ಬದಲು ಮಾಡಿ ಎಳೆದು ನೋಡುತ್ತಾರೆ. ಮುಖದಲ್ಲಿ ಗೊಂದಲ.

"ಯಾವುದನ್ನ ಯಾವ ಸಿಲಿಂಡರಿಗೆ ಹಾಕಿದ್ರೂ ಸರಿ ಬರ್ತಿದೆ."

"ಒಳ್ಳೇದೇ ಅಲ್ವಾ?" ಎನ್ನುತ್ತೇನೆ, ಪಕ್ಕದಲ್ಲಿ ಪಿಸ್ಟನ್ ಒರೆಸಿ ಕೊಡುವ ಕೆಲಸದ ನಾನು.

"ಎಲ್ಲಾದ್ರೂ ಉಂಟಾ? ಒಂದೇ ತಾಯಿ ಮಕ್ಕಳೇ ಒಂದೇ ಥರ ಇರಲ್ಲ."

ನನಗೆ ತಲೆಬುಡ ತಿಳಿಯುವುದಿಲ್ಲ. ಅವರು ಬಲಗೈಯನ್ನೇ ನೋಡಿಕೊಳ್ಳುತ್ತಾರೆ. "ಕೆಲವು ದಿನದಿಂದ ಬೆರಳು ಜೋಮು ಹಿಡಿದ ಹಾಗಿದೆ. ಮೈದುನನಿಗೆ ಹೇಳಿಲ್ಲ. ಹೇಳಿದ್ರೆ ಮನೇಲಿರಿ ಅಂತಾನೆ. ಮನೇಲಿದ್ದು ಗೋಡೆ ಜೊತೆ ಮಾತಾಡ್ಲಾ?"

ಅತ್ತಿಗೆ ಪಟ್ಟಿಯನ್ನು ಎಡಗೈಗೆ ತೆಗೆದುಕೊಳ್ಳುತ್ತಾರೆ. ರೂಢಿಯಿಲ್ಲದ ಎಳೆತ ಒರಟಾಗಿದೆ. ಎರಡನೇ ಸಿಲಿಂಡರಿನಲ್ಲಿ ಪಟ್ಟಿ ಹೆಚ್ಚೇ ತಡೆಯುತ್ತದೆ ಎನ್ನುತ್ತಾರೆ, ಮೂರನೆಯದರಲ್ಲಿ ಜಾರುತ್ತದಂತೆ. ಆ ಎರಡು ಪಿಸ್ಟನ್ನುಗಳನ್ನು ಅದಲು ಬದಲು ಮಾಡಿದ ಮೇಲೆ ಎಡಗೈಗೆ ಎರಡೂ ಸರಿಯೆನಿಸುತ್ತವೆ. ಮತ್ತೆ ಬಲಗೈಯಲ್ಲಿ ಎಳೆಯುತ್ತಾರೆ. ಅದಕ್ಕೆ ಆಗಲೂ ಸರಿ, ಈಗಲೂ ಸರಿ.

"ಯಾವ ಕೈ ನಂಬ್ಲಿ? ನಂಗೇ ತಿಳೀತಿಲ್ಲ." ಅವರಿಗೆ ಹೆದರಿಕೆಯಾಗಿದೆ. ದೋಣಿಯ ಜನರನ್ನು ನೆನೆದು ನನಗೂ.

ಅಷ್ಟರಲ್ಲಿ ಮೈದುನ ಬರುತ್ತಾನೆ. ಅತ್ತಿಗೆ ಪಟ್ಟಿ ಕೆಳಗಿಟ್ಟು ಹೇಳಿಬಿಡುತ್ತಾರೆ. "ನನ್ನ ಬಲಗೈಗೆ ಏನೂ ತಿಳೀತಿಲ್ಲ ಕಣೋ. ಇದು ಎಡಗೈ ಹೇಳಿದ ಜೋಡಿ. ನೀನು ಅಳೆದು ನೋಡು. ಜನ ಕೂರೋ ದೋಣಿ."

ಅವನು ಕಪಾಟು ತೆಗೆದು, ಗೇಜು ಒರೆಸಿ, ಒಂದೊಂದನ್ನೇ ಅಳೆಯುತ್ತಾನೆ. ಅತ್ತಿಗೆ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಾರೆ.

"ಎಡಗೈ ಸರಿಯಾಗೇ ಹೇಳಿದೆ ಅತ್ತಿಗೆ. ಆದ್ರೆ ಮೊದಲು ಡಾಕ್ಟರ ಹತ್ರ ಹೋಗೋಣ. ಇನ್ಮೇಲೆ ನಾನೂ ಅಳೀತೀನಿ."

"ಅಳೆಯಪ್ಪಾ, ಯಾರು ಬೇಡ ಅಂದ್ರು." ಅತ್ತಿಗೆ ಅವನತ್ತ ತಿರುಗುತ್ತಾರೆ. "ಆದ್ರೆ ಮೊದಲು ನನ್ನ ಕೇಳು. ಆಮೇಲೆ ಅಳೆ."