ರೆಕ್ಕೆಯಿಲ್ಲದ ಮಿಡತೆಯ ಬೆನ್ನು ಹತ್ತಿ ಯಮನೂರಿಗೆ

ಹುಬ್ಬಳ್ಳಿಯಲ್ಲಿ ನವಲಗುಂದದ ಬಸ್ಸು ಹತ್ತಿದಾಗ ಮೋಡ ಕವಿದಿತ್ತು. ತೊಡೆಯ ಮೇಲೆ ಜಾಳಿಗೆ ಮುಚ್ಚಳದ ಖಾಲಿ ಡಬ್ಬಿ. ಹಿಂದಿನ ವಾರ ಯಮನೂರಿನಲ್ಲಿ ಹಿಡಿದಿಟ್ಟ ಮಿಡತೆಗಳು ಧಾರವಾಡದ ನಮ್ಮ ಪ್ರಯೋಗಾಲಯದ ಫ್ರಿಜ್ ಕೆಟ್ಟು ಹಾಳಾಗಿದ್ದವು, ಅವುಗಳ ಡಿಎನ್‌ಎ ಚೂರುಚೂರಾಗಿತ್ತು. ನನಗೆ ಬೇಕಿದ್ದದ್ದು ತುಂಡಾಗದ ಉದ್ದನೆಯ ಎಳೆ, ಅದಕ್ಕೆ ಜೀವಂತ ಮಿಡತೆಯೇ ಆಗಬೇಕು.

ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಉಂಗುರದಂಥ ಪುಟ್ಟ ಡಿಎನ್‌ಎ ಇರುತ್ತದೆ, ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ. ಹಳೆಯ ಯಂತ್ರ ಅದನ್ನು ಚೂರುಗಳಲ್ಲಿ ಓದಿ ಜೋಡಿಸುತ್ತಿತ್ತು. ಒಂದೇ ಭಾಗ ಮತ್ತೆ ಮತ್ತೆ ಬಂದರೆ ಲೆಕ್ಕ ತಪ್ಪುತ್ತಿತ್ತು. ಹೊಸ ಯಂತ್ರ ಇಡೀ ಉಂಗುರವನ್ನು ಒಂದೇ ಸಲಕ್ಕೆ ಓದಬಲ್ಲದು. ಆ ವಾರ ಅದು ನಮ್ಮ ಪಾಲಿಗೆ ಸಿಕ್ಕಿದ್ದು ಮಾರನೆಯ ದಿನಕ್ಕೆ ಮಾತ್ರ.

ನವಲಗುಂದದಲ್ಲಿ ಚಹಾ ಕುಡಿಯಲೂ ನಿಲ್ಲದೆ, ಯಮನೂರಿನ ದರ್ಗಾಕ್ಕೆ ಹೊರಟವರ ಜೊತೆ ಟಂಟಂ ಆಟೋ ಹತ್ತಿದೆ. ಅಲ್ಲಿನ ಹೊಲದಲ್ಲಿ ಹಸಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲೇ ಏಳಲಿಲ್ಲ. ಹಿಂದಿನ ಸಲ ಮಿಡತೆ ತೋರಿಸಿದ್ದ ಇಮಾಮಬಿ ಬದುವಿನ ಮೇಲಿದ್ದರು. ಅವರ ಗಂಡ ಖಾದರಸಾಬರು ಔಷಧದ ಪಂಪು ಬೆನ್ನಿಗೇರಿಸಿ ಆಗಲೇ ಅರ್ಧ ಜೋಳಕ್ಕೆ ಹೊಡೆದು ಮುಗಿಸಿದ್ದರು.

"ಸ್ವಲ್ಪ ನಿಲ್ಲಸ್ರಿ, ಕಾಕಾ. ನನಗ ಜೀವಂತ ಮಿಡತಿ ಬೇಕ್ರಿ."

"ಮಳಿ ಬಂದ್ರ ಹೊಡದದ್ದೆಲ್ಲಾ ತೊಳದು ಹೊಕ್ಕೈತ್ರಿ," ಎಂದರು ಖಾದರಸಾಬರು.

ಇಮಾಮಬಿ ಗಂಡನತ್ತ ತಿರುಗಿದರು. "ಆ ಕಡಿ ಎರಡು ಸಾಲು ಬಿಡ್ರಿ. ಧಾರವಾಡದಿಂದ ಬಂದಾರ."

ಅವರೂ ಸೆರಗು ಸಿಕ್ಕಿಸಿಕೊಂಡು ಇಳಿದರು. ರೆಕ್ಕೆ ಇಲ್ಲದಿದ್ದರೂ ಮಿಡತೆಗಳು ಕೈಗೆ ಸಿಗುವಂತಿರಲಿಲ್ಲ. ಅಂತೂ ಡಬ್ಬಿಯಲ್ಲಿ ಒಂದಷ್ಟು ಕೂಡಿದವು. ಜೋಳದ ಗರಿ ತುಂಬಿ ಮುಚ್ಚಿದೆ.

"ಹಾರಾಕ ಬರಲಾರದ ಹುಳ ಊರೂರಿಗೆ ಹೆಂಗ ಹೊಕ್ಕಾವ್ರಿ?" ಇಮಾಮಬಿ ಕೇಳಿದರು.

"ಅದನ್ನ ತಿಳೀಲಿಕ್ಕನ ಇವುಗಳ ತಾಯಿ ಬೇರು ಹುಡುಕಾಕತ್ತೇನ್ರಿ."

ಮಳೆ ಹನಿಯತೊಡಗಿತು. ಬೆಣ್ಣಿಹಳ್ಳದ ನೀರು ಏರುತ್ತಿದೆಯೆಂದು ಟಂಟಂನವನು ಒಂದೇ ಸಮ ಹಾರ್ನ್ ಬಾರಿಸಿದ. ಖಾದರಸಾಬರು ಉಳಿದ ಎರಡು ಸಾಲಿನ ಕಡೆ ಓಡಿದರು. ಅವರಿಗೆ ಹೋಗಿಬರುತ್ತೇನೆಂದು ಹೇಳಲೂ ಆಗಲಿಲ್ಲ.

ಹುಬ್ಬಳ್ಳಿ ಬಸ್ಸಿನಲ್ಲಿ ಮಳೆಗೆ ಕಿಟಕಿಗಳೆಲ್ಲ ಮುಚ್ಚಿ ಒಳಗೆ ಧಗೆ. ನಿಮಿಷಕ್ಕೊಮ್ಮೆ ಡಬ್ಬಿ ನೋಡುತ್ತಿದ್ದೆ. ಮಿಡತೆಗಳು ಒಂದೊಂದಾಗಿ ಕಾಲು ಚಾಚಿ ಸುಮ್ಮನಾದವು. ಬಾಜೂಕಿದ್ದ ಅಜ್ಜಿ ತನ್ನ ಬೀಸಣಿಗೆ ಕೊಟ್ಟಳು. ದಾರಿಯುದ್ದಕ್ಕೂ ಗಾಳಿ ಹಾಕಿದೆ. ಧಾರವಾಡ ಮುಟ್ಟುವಾಗ ಒಂದೇ ಒಂದು ಮಿಡತೆ ಮೀಸೆ ಅಲ್ಲಾಡಿಸುತ್ತಿತ್ತು.

ಅದೊಂದೇ ಸಾಕಾಯಿತು. ಮರುದಿನ ಯಂತ್ರ ಅದರ ಉಂಗುರವನ್ನು ಎಲ್ಲೂ ಕಡಿಯದೆ ಓದಿ ಮುಗಿಸಿತು. ಖುಷಿ ತಡೆಯದೆ ಇಮಾಮಬಿಗೆ ಫೋನ್ ಮಾಡಿದೆ.

"ಹಂಗಾರ ಅದರ ಅವ್ವ ಯಾವೂರಾಕಿ?"

"ಹೇಳಬೇಕಂದ್ರ ಬ್ಯಾರೆ ಊರಿನವನ್ನೂ ಓದಬೇಕ್ರಿ."

"ಮತ್ತ ಲಗೂನ ಹೋಗ್ರಿ. ಅವರೂ ಔಷಧ ಹೊಡಿತಿರ್ತಾರ."

ಮಾರನೆಯ ಬೆಳಿಗ್ಗೆ ಅಲ್ಲಿನ ಮಿಡತೆ ಹುಡುಕಲು ಡಬ್ಬಿಯೊಂದಿಗೆ ದುಮ್ಮವಾಡದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಹಿಡಿದು ಕೂತೆ.