ಅಳಿಯನ ಹೊಲದ ಗಟ್ಟಿ ನೆಲ

ಬುಂಗೋಮಾ ಸೀಮೆಯಲ್ಲಿ ನಂಗಿಲಾಳ ಬಾಯಿಗೆ ಹೆದರದ ರೈತನಿರಲಿಲ್ಲ. ರೈತ ಸಂಘದ ಸರಳು ಸದಾ ಅವಳ ಹೆಗಲ ಮೇಲೆ. ತುದಿ ಚೂಪು, ಹಿಡಿಯ ಬಳಿ ಗಡಿಯಾರದಂಥ ಮುಳ್ಳು. ನೆಲಕ್ಕೆ ಒತ್ತಿದರೆ ಮಣ್ಣೆಷ್ಟು ಗಟ್ಟಿ ಎಂದು ತಿಳಿಯುತ್ತದೆ. ಮುಳ್ಳು ಕೆಂಪಿಗೆ ಹೋದರೆ ಬೇರಿಗೆ ದಾರಿಯಿಲ್ಲ. ಯಾರ ಹೊಲಕ್ಕಾದರೂ ನುಗ್ಗಿ, ಚುಚ್ಚಿ, "ಹೊಲಾನ ರಸ್ತೆ ಮಾಡಿಟ್ಟಿದ್ದೀಯಲ್ಲೋ ಮಾರಾಯ!" ಎಂದು ಮುಖಕ್ಕೇ ಅನ್ನುವಳು.

ಮಗಳು ನೆಲಿಮಾಳ ಹೊಲಕ್ಕೆ ಮಾತ್ರ ಕಾಲಿಡುವಂತಿರಲಿಲ್ಲ. ಅಲ್ಲಿಯ ಕಟ್ಟಳೆಯಂತೆ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ನೇರ ಮಾತಾಡಬಾರದು; ತಪ್ಪಿದರೆ ಮೇಕೆ ದಂಡ. ದಾರಿಯಲ್ಲಿ ಎದುರಾದರೆ ಒಬ್ಬರು ಪೊದೆಗೆ ಇಳಿಯಲೇಬೇಕು. ಮಗಳ ಹೊಲದಲ್ಲಿ ಜೋಳ ವರ್ಷವರ್ಷವೂ ಹಳದಿಗೆ ತಿರುಗುತ್ತಿತ್ತು. ಅಳಿಯ ಸಿತುಮಾ ಅವತ್ತು ಉಳುಮೆಗೆ ಟ್ರ್ಯಾಕ್ಟರ್‌ಗೆ ಹೇಳಿಬಿಟ್ಟಿದ್ದ. ಮಳೆ ಬಿದ್ದ ಹಸಿ ನೆಲದ ಮೇಲೆ ಅದು ಓಡಾಡಿದರೆ ಮಣ್ಣು ಇನ್ನೂ ಗಟ್ಟಿಯಾಗಿ, ಈ ವರ್ಷವೂ ಕಣಜ ಖಾಲಿ. ಮಗಳು ತುಂಬು ಬಸುರಿ ಬೇರೆ.

ನಂಗಿಲಾ ಮಗಳ ಕೈಲಿ ಸರಳು ಕಳಿಸಿ, ತಾನು ಹೊಲದಾಚೆಯ ಬಾಳೆಯ ಮರೆಯಲ್ಲಿ ಹೊಲಕ್ಕೆ ಬೆನ್ನು ಹಾಕಿ ಕೂತಳು. ಸರಳು ಒತ್ತಲು ಮೈಭಾರವೆಲ್ಲ ಹಾಕಬೇಕು, ಬಸುರಿಯಿಂದ ಆದೀತೇ? ಸಿತುಮಾನೇ ಗೊಣಗುತ್ತ ಹಿಡಿದ.

"ಏ ಬಾಳೇಗಿಡ, ಕುಟ್ಟಬೇಡ ಅನ್ನು. ನಿಧಾನಕ್ಕೆ ಒತ್ಬೇಕು," ಎಂದಳು ನಂಗಿಲಾ.

"ಬಾಳೇಗಿಡ, ಗೇಣುದ್ದ ಇಳಿದು ನಿಂತೋಯ್ತು. ಮುಳ್ಳು ಕೆಂಪಲ್ಲಿದೆ. ಕಲ್ಲಿರಬೇಕು ಅಂತ ಹೇಳು," ಎಂದ ಸಿತುಮಾ.

"ಬೇರೆ ಕಡೆ ಚುಚ್ಚಲಿ!"

ಎಲ್ಲಿ ಚುಚ್ಚಿದರೂ ಗೇಣೇ.

"ಹೊಲದ ತುಂಬ ಕಲ್ಲಂತಾ? ವರ್ಷವರ್ಷ ಒಂದೇ ಆಳಕ್ಕೆ ನೇಗಿಲು, ಮೇಲೆ ದನ ಬಿಟ್ಟು ತುಳಿಸೋದು. ಬೇಲಿ ಪಕ್ಕ ಯಾರೂ ತುಳಿದಿಲ್ಲ, ಅಲ್ಲಿ ಒತ್ತು ಅನ್ನು!"

ಸಿಟ್ಟಿನಲ್ಲಿದ್ದ ಸಿತುಮಾ ಬೇಲಿ ಪಕ್ಕ ಜೀವ ಬಿಟ್ಟು ಒತ್ತಿದ. ಸರಳು ಬೆಣ್ಣೆಗಿಳಿದಂತೆ ಹಿಡಿಯವರೆಗೂ ಇಳಿಯಿತು. ಅವನು ಕೆಸರಿಗೆ ಮಕಾಡೆ ಬಿದ್ದ. ನೆಲಿಮಾ ಚೀರಿದಳು. ನಂಗಿಲಾ ಎಲ್ಲ ಮರೆತು ಓಡಿಬಂದು ಅವನ ರಟ್ಟೆ ಹಿಡಿದೆತ್ತಿದಳು. ಇಬ್ಬರೂ ಎದುರುಬದುರು!

"ಅಯ್ಯಯ್ಯೋ!" ಎಂದು ಅವಳು ತಲೆವಸ್ತ್ರ ಮುಖಕ್ಕೆಳೆದುಕೊಂಡಳು.

"ಹೋಯ್ತು! ಇಬ್ಬರಿಗೂ ಮೇಕೆ ದಂಡ!" ನೆಲಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂದೇಬಿಟ್ಟಿತು. ಸಿತುಮಾ ಸರಳನ್ನು ಕಿತ್ತು, ಅದಕ್ಕಂಟಿ ಬಂದ ಮೆದು ಮಣ್ಣನ್ನು ಬೆರಳಲ್ಲಿ ಉದುರಿಸಿ ನೋಡಿದ. ಆಮೇಲೆ ಡ್ರೈವರನಿಗೆ ಕೂಗಿದ: "ವಾಪಸ್ ಹೋಗಣ್ಣ. ಇವತ್ತು ಬೇಡ, ಹಸಿ ನೆಲ ತುಳಿದಷ್ಟೂ ಗಟ್ಟಿಯಾಗುತ್ತೆ."

ಕೆಸರು ಮುಖದಲ್ಲೇ ಅತ್ತೆಯ ಮುಂದೆ ಬಂದು ನಿಂತ. "ಹೆಂಗೂ ದಂಡ ಕೊಡ್ಲೇಬೇಕಲ್ಲ ಅತ್ತೆ, ನಿಮ್ಮನ್ನೇ ಕೇಳ್ಬಿಡ್ತೀನಿ. ಈಗ ಏನ್ ಬಿತ್ತಲಿ?"

ನಂಗಿಲಾಳಿಗೆ ಸಂತೋಷಕ್ಕೆ ಅಳುವೇ ಬಂತು. "ಜೋಳದ ಸಾಲಲ್ಲಿ ತೊಗರಿ ಹಾಕಪ್ಪ," ಎಂದಳು ಬಟ್ಟೆಯೊಳಗಿಂದಲೇ. "ಅದರ ಬೇರು ಆ ಗಟ್ಟಿ ನೆಲಾನೂ ಸೀಳುತ್ತೆ."